ಬಾಡಿಗಿ ಮನ್ಯಾಗ ಒಂದು ಗೂಡ್ಸ್ ಯಾರ್ಡ್

ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಉದ್ದ ಪ್ಲಾಟ್‌ಫಾರ್ಮ್ ಐತಲ್ರಿ, 1507 ಮೀಟರ್, ಅದನ್ನ ಮಾಡೆಲ್ ರೈಲ್ವೆ (ಖರೇ ರೈಲಿನ ಸಣ್ಣ ನಕಲು) ಮಾಡೋರ ಎಚ್‌ಒ ಸ್ಕೇಲ್‌ನ್ಯಾಗ, ಅಂದ್ರ 87ಕ್ಕ ಒಂದು ಪಾಲು ಮಾಡಿದ್ರೂ 17 ಮೀಟರ್ ಜಾಗ ಬೇಕು. ಎನ್ ಸ್ಕೇಲ್ ಇನ್ನೂ ಸಣ್ಣದು, 160ಕ್ಕ ಒಂದು, ಅದರಾಗೂ ಒಂಬತ್ತು ಮೀಟರ್ ದಾಟ್ತೈತಿ. ಎರಡು ಖೋಲಿ ಮನ್ಯಾಗ ಆಗೂ ಮಾತಲ್ಲ ಬಿಡ್ರಿ. ಹಂಗಂತ ಮಾಡೆಲ್ ರೈಲ್ವೆ ಅಂದ್ರ ರೊಕ್ಕ ಇದ್ದವರ ಆಟ ಅಂತ ಕೈ ಬಿಡಬ್ಯಾಡ್ರಿ.

ಭಾಳ ಮಂದಿ ಮೊದಲ ರೌಂಡ್ ಟ್ರ್ಯಾಕ್ ತಗೋತಾರ. ಎಚ್‌ಒದಾಗ 18 ಇಂಚ್ ರೇಡಿಯಸ್ ಅಂದ್ರ ಮೂರು ಫುಟ್ ಮ್ಯಾಲ ಅಗಲ ಹೋತು, ಗಾಡಿ ಸುತ್ತಾಕ್ಕೊಂತ ಇರ್ತೈತಿ, ಸ್ವಲ್ಪೊತ್ತಿಗೆ ಹುಡುಗೂರಿಗೂ ಬ್ಯಾಸರ. ಸಣ್ಣ ಜಾಗಕ್ಕ ಶಂಟಿಂಗ್ ಯಾರ್ಡೇ ಚಲೋ, ಅಂದ್ರ ಇಂಜಿನ್‌ಲೆ ವ್ಯಾಗನ್ ಎಳದು ತಳ್ಳಿ ಬೇಕಾದ ಕ್ರಮದಾಗ ಜೋಡಸೂ ಜಾಗ. ಒಂದು ಫುಟ್ ಅಗಲದ ಉದ್ದ ಹಲಗಿ, ಎರಡು ಪಾಯಿಂಟ್ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕ ತಿರುಗೂ ಜಾಗ), ಒಂದು ಸಣ್ಣ ಇಂಜಿನ್, ಇಷ್ಟ. ಆಟ ಮುಗದ ಮ್ಯಾಲ ಬಾಗಲ ಹಿಂದ ನಿಲ್ಲಸಬಹುದು, ಗ್ವಾಡಿಗೆ ಮೊಳಿ ಹೊಡದ್ರ ಮನಿ ಮಾಲೀಕರ ಕಡಿಂದ ಬೈಸ್ಕೊಳ್ಳೂ ಪ್ರಸಂಗ ಇಲ್ಲ.

ಇದಕ್ಕ ಇಂಗ್ಲೆಂಡಿನ ಅಲನ್ ರೈಟ್ ಅನ್ನೋರು ಮಾಡಿದ ಇಂಗ್ಲನೂಕ್ ಅಂತ ಒಂದು ಆಟ ಐತಿ. ಒಂದು ಲೈನ್ ಒಡದು ಮೂರು ಸೈಡಿಂಗ್ (ವ್ಯಾಗನ್ ನಿಲ್ಲಸೂ ಹಳಿ) ಆಗ್ತಾವ, ಉದ್ದ ಸೈಡಿಂಗ್‌ನ್ಯಾಗ ಐದು ವ್ಯಾಗನ್ ಹಿಡಿಬೇಕು, ಉಳಿದ ಎರಡರಾಗ ಮೂರು ಮೂರು, ಲೈನ್ ಒಡಿಯೂಕಿಂತ ಮೊದಲಿನ ತುದ್ಯಾಗ ಇಂಜಿನ್ ಮತ್ತ ಮೂರು ವ್ಯಾಗನ್ ಹಿಡಿಯೂ ಅಷ್ಟ ಜಾಗ. ಆಟಕ್ಕ ಒಟ್ಟು ಎಂಟ ವ್ಯಾಗನ್. ವ್ಯಾಗನ್ನಿಗೊಂದು ಚೀಟಿ ಮಾಡಿ ಐದು ಎತ್ರಿ, ಅವು ಬಂದ ಕ್ರಮದಾಗ ಗಾಡಿ ಜೋಡಸ್ರಿ. 6720 ಥರ ಬರ್ತಾವ, ಅಂದ್ರ ಒಂದ ಆಟ ಮತ್ತ ಬರೂದು ಅಪರೂಪ. ನೋಡಾಕ ಸರಳ ಅನಸ್ತೈತಿ, ಕುಂತ ಮ್ಯಾಲ ತಲಿ ಕೆಡ್ತೈತಿ. ಜಾಗ ಇನ್ನೂ ಕಡಿಮಿ ಇದ್ರ ಸೈಡಿಂಗ್ ಮೂರು-ಎರಡು-ಎರಡು ಮಾಡಿ, ಐದು ವ್ಯಾಗನ್ ಇಟ್ಕೊಂಡು ಮೂರರ ಗಾಡಿ ಕಟ್ರಿ.

ಉದ್ದದ ಲೆಕ್ಕ ಮೊದಲ ಹಾಕ್ರಿ. ನಮ್ಮ ಬಾಕ್ಸ್‌ಎನ್ ವ್ಯಾಗನ್ ಖರೇವಂದ್ರ 10.7 ಮೀಟರ್, ಎಚ್‌ಒದಾಗ 12 ಸೆಂಟಿಮೀಟರ್ ಚಿಲ್ಲರ. ಐದು-ಮೂರು-ಮೂರರ ಯಾರ್ಡಿಗೆ ಪಾಯಿಂಟ್ ಎಲ್ಲಾ ಸೇರಿ ಹಲಗಿ ಐದೂವರೆ ಫುಟ್ ಸುಮಾರು ಆಗ್ತೈತಿ. ಹಳೆ ಕಾಲದ ನಾಕು ಗಾಲಿ ಗಿಡ್ಡ ವ್ಯಾಗನ್ ಆದ್ರ ಇನ್ನೂ ಕಡಿಮಿ.

ರೊಕ್ಕ ಇಂಜಿನ್ ಮತ್ತ ಪಾಯಿಂಟ್ ಮ್ಯಾಲ ಹಾಕ್ರಿ, ಅಲ್ಲಿ ಜುಗ್ಗತನ ಮಾಡಬ್ಯಾಡ್ರಿ, ಇಂಜಿನ್ ನಿಧಾನ ಹೋಗದಿದ್ರ ಶಂಟಿಂಗ್ ಆಗೂದಿಲ್ಲ. ಸೆಕೆಂಡ್ ಹ್ಯಾಂಡ್ ಆದ್ರೂ ನಡೀತೈತಿ, ಓಡಿಸಿ ನೋಡಿ ತಗೋರಿ. ಪಾಯಿಂಟಿಗೆ ಮೋಟರ್ ಬ್ಯಾಡ, ಸೈಕಲ್ ಕಡ್ಡಿ ಬಗ್ಗಿಸಿ ಹಲಗಿ ಕೆಳಗಿಂದ ಎಳಿಯೂ ಹಂಗ ಮಾಡ್ರಿ. ಕರೆಂಟಿಗೆ ಹಳೆ ರೌಟರಿಂದು 12 ವೋಲ್ಟ್ ಡಿಸಿ ಅಡಾಪ್ಟರ್, ಅದರ ಮುಂದ ಒಂದು ಸಣ್ಣ ಪಿಡಬ್ಲ್ಯೂಎಂ ಸ್ಪೀಡ್ ಬೋರ್ಡ್ (ವೇಗ ಹೆಚ್ಚು ಕಡಿಮಿ ಮಾಡಾಕ), ಹಿಂದ ಮುಂದ ಹೋಗಾಕ ಆರು ಕಾಲಿನ ಡಿಪಿಡಿಟಿ ಸ್ವಿಚ್. ಅಡಾಪ್ಟರ್ ಮ್ಯಾಲ ಡಿಸಿ ಅಂತನ ಬರದಿರಬೇಕು, ಎಸಿ ಔಟ್‌ಪುಟ್ ಇದ್ದದ್ದು ಬ್ಯಾಡ.

ವ್ಯಾಗನ್ ಮನ್ಯಾಗ ಮಾಡ್ರಿ, ಗಾಲಿ ಮತ್ತ ಕಪ್ಲಿಂಗ್ (ವ್ಯಾಗನ್ ಕೂಡಸೂ ಕೊಂಡಿ) ಅಷ್ಟ ಕೊಳ್ರಿ. ಎಲ್ಲಾರ ಮನ್ಯಾಗೂ ಹಳೆ ಲಗ್ನಪತ್ರಿಕಿ ಬಿದ್ದಿರ್ತಾವಲ್ಲ, ಆ ದಪ್ಪ ಕಾರ್ಡ್ ಇದಕ್ಕ ಅಂತನ ಹುಟ್ಟಿದಂಗ ಐತಿ, ಎರಡು ಪದರ ಫೆವಿಕಾಲ್ ಹಚ್ಚಿ ಭಾರದ ಪುಸ್ತಕದ ಕೆಳಗ ಇಟ್ರ ಸೊಟ್ಟ ಆಗಂಗಿಲ್ಲ. ಮ್ಯಾಲ ರೆಡ್ ಆಕ್ಸೈಡ್ ಬಣ್ಣ. ಆದ್ರ ಕಾರ್ಡ್ ವ್ಯಾಗನ್ ಹಗೂರ, ಹಿಂದ ತಳ್ಳಿದ್ರ ಹಳಿ ಬಿಡ್ತಾವ, ತಳದಾಗ ನಟ್-ವಾಷರ್ ಅಂಟಿಸಿ 12 ಸೆಂಟಿಮೀಟರಿನದು ಹತ್ತತ್ರ 95 ಗ್ರಾಮ್ ತೂಗೂ ಹಂಗ ಮಾಡ್ರಿ. ಅಳತಿ, ಬಣ್ಣ ನೋಡಾಕ ಗದಗ ರೋಡಿನ ರೈಲ್ ಮ್ಯೂಸಿಯಂಗೆ ಹೋಗಿ ಬರ್ರಿ, 2020ರಾಗ ಆಗೇತಿ.

ಮಣ್ಣಂತೂ ಪುಕ್ಕಟ. ಗದಗ ಕಡೆ ಸೀನ್ ಬೇಕಂದ್ರ ಎರಿ ಮಣ್ಣು, ಧಾರವಾಡ ದಾಟಿದ್ದು ಬೇಕಂದ್ರ ಕೆಂಪು ಮಣ್ಣು, ಚಹಾ ಸೋಸೂ ಜಾಳಗ್ಯಾಗ ಜರಡಿ ಹಿಡೀರಿ. ಎರಿ ಮಣ್ಣು ಒಣಗಿದ್ರ ಹೊಲದಾಗ ಬಿರಿತೈತಲ್ಲ, ಹಲಗಿ ಮ್ಯಾಲೂ ಬಿರಿತೈತಿ, ಅದಕ್ಕ ತೆಳು ಪದರ ಸಾಕು. ಹಾಕೂಕಿಂತ ಮೊದಲು ಮ್ಯಾಗ್ನೆಟ್ ಆಡಸ್ರಿ, ಕಬ್ಬಿಣದ ಕರಿ ಪುಡಿ ಹತ್ಕೊಂಡು ಬರ್ತೈತಿ, ಅದು ಇಂಜಿನ್ ಮೋಟರಿಗೆ ಸೇರಿದ್ರ ಮೋಟರ್ ಕತಿ ಮುಗೀತು. ಹಳಿ ನಡುವಿನ ಖಡಿಗೆ ಸೋಸಿದ ಕಲ್ಲಿನ ಪುಡಿ, ಫೆವಿಕಾಲ್ ಅರ್ಧ ನೀರು ಅರ್ಧ, ಒಂದು ಹನಿ ಪಾತ್ರಿ ತೊಳಿಯೂ ಲಿಕ್ವಿಡ್, ಡ್ರಾಪರ್‌ಲೆ ಬಿಡ್ರಿ. ಪಾಯಿಂಟಿನ ಓಡಾಡೂ ಬ್ಲೇಡ್ ಹತ್ರ ಮಾತ್ರ ಒಂದು ಹನಿನೂ ಬೀಳಬಾರ್ದು. ಗುಡ್ಡಕ್ಕ ಥರ್ಮಾಕೋಲ್ ತಗೊಂಡ್ರ ಸ್ಪ್ರೇ ಪೇಂಟ್, ಫೆವಿಕ್ವಿಕ್ ಎರಡೂ ದೂರ ಇಡ್ರಿ, ಕರಗಿಬಿಡ್ತೈತಿ.

ಇಂಜಿನ್ ತಡಿ ತಡದು ನಿಂತ್ರ ಹತ್ತಕ್ಕ ಒಂಬತ್ತು ಸಲ ಧೂಳ ಕಾರಣ, ನಮ್ಮೂರ ಧೂಳಿನ ಬಗ್ಗೆ ಹೇಳೂದ ಬ್ಯಾಡ. ಬಟ್ಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಹಳಿ ಒರಸ್ರಿ, ಇಂಜಿನ್ ಗಾಲಿನೂ ಒರಸ್ರಿ, ಉಪ್ಪಿನ ಕಾಗದಲೆ ತಿಕ್ಕಬ್ಯಾಡ್ರಿ, ಗೀರು ಬಿದ್ರ ಅದರಾಗ ಇನ್ನೂ ಹೊಲಸು ಕುಂದರ್ತೈತಿ. ಆಟ ಮುಗದ ಮ್ಯಾಲ ಇಂಜಿನ್, ವ್ಯಾಗನ್ ಡಬ್ಬಿಗೆ ಹಾಕಿ, ಹಲಗಿಗೆ ಹಳೆ ಸೀರಿ ಸುತ್ತಿ ಇಡ್ರಿ.