ನಿಲ್ಲದ ಮೋಟಾರು: ಹಳೇ ಪಿನ್‌ಬಾಲ್ ಯಂತ್ರ ರಿಪೇರಿ ಮಾಡಿದ ನನ್ನ ಅನುಭವ

ಯಂತ್ರ ಮನೆಗೆ ಬಂದ ದಿನ ನನಗಿದ್ದದ್ದು ಒಂದೇ ಆಸೆ, ಪ್ಲಗ್ ಹಾಕಿ ನೋಡಬೇಕು. ಹಾಕಲಿಲ್ಲ. ಆ ಒಂದು ಬುದ್ಧಿವಂತಿಕೆ ಬಿಟ್ಟರೆ ಮುಂದಿನ ಐದು ತಿಂಗಳು ನಾನು ಮಾಡಿದ್ದರಲ್ಲಿ ತಪ್ಪುಗಳೇ ಜಾಸ್ತಿ.

ಪಿನ್‌ಬಾಲ್ ಅಂದರೆ ಗಾಜಿನ ಕೆಳಗಿನ ಇಳಿಜಾರು ಹಲಗೆಯ ಮೇಲೆ ಲೋಹದ ಚೆಂಡು ಉರುಳಿಸಿ, ಅದು ಕೆಳಗೆ ಬೀಳದಂತೆ ಹೊಡೆಯುತ್ತಾ ಅಂಕ ಗಳಿಸುವ ಆಟ. ನನ್ನದು 1970ರ ದಶಕದ, ಇಬ್ಬರು ಆಡುವ ಯಂತ್ರ. ತಯಾರಾದದ್ದು ಷಿಕಾಗೋದಲ್ಲಿ. ಆ ಕಾಲದ ಪಿನ್‌ಬಾಲ್ ಅಂದರೆ ಬಹುಪಾಲು ಷಿಕಾಗೋನೇ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಮೂರೂ ಕಂಪನಿಗಳು ಅಲ್ಲಿನವೇ. ಇದರೊಳಗೆ ಚಿಪ್ ಇಲ್ಲ, ಪ್ರೋಗ್ರಾಮ್ ಇಲ್ಲ. ಲೆಕ್ಕ ಇಡುವುದು, ಯಾರ ಸರದಿ ಎಂದು ನೆನಪಿಡುವುದು, ಆಟ ಮುಗಿಸುವುದು, ಎಲ್ಲವನ್ನೂ ರಿಲೇ, ಸ್ವಿಚ್, ಕಾಯಿಲ್‌ಗಳೇ ಮಾಡುತ್ತವೆ. ಕಾಯಿಲ್ ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗುವ ತಂತಿಯ ಸುರುಳಿ, ರಿಲೇ ಅಂದರೆ ಅಂಥ ಸುರುಳಿಯ ಬಲದಿಂದ ಸ್ವಿಚ್‌ಗಳನ್ನು ಎಳೆಯುವ ಭಾಗ. ಗಾಜು ಸರಿಸಿ ಪ್ಲೇಫೀಲ್ಡ್ (ಚೆಂಡು ಓಡಾಡುವ ಹಲಗೆ) ಎತ್ತಿ ಕೆಳಗೆ ನೋಡಿದಾಗ ಬಟ್ಟೆ ಸುತ್ತಿದ ವೈರುಗಳ ಕಾಡು ಕಂಡು ಒಂದು ಕ್ಷಣ ಗಾಜು ಮತ್ತೆ ಮುಚ್ಚಿಬಿಡೋಣ ಅನ್ನಿಸಿತು. ಆದರೆ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತರೆ ಗೊತ್ತಾಗುತ್ತದೆ, ಇದು ಒಂದೇ ವಿಷಯವನ್ನು ನೂರಾರು ಸಲ ಬರೆದಿಟ್ಟ ಹಾಗೆ. ಎರಡು ಲೋಹದ ಪಟ್ಟಿಗಳು ತಾಗಬೇಕು, ಇಲ್ಲವೇ ಬಿಡಬೇಕು. ಅಷ್ಟೇ.

ಮೊದಲು ಫ್ಯೂಸ್ ನೋಡಿದೆ. ಒಂದು ಫ್ಯೂಸಿಗೆ ಯಾರೋ ಪುಣ್ಯಾತ್ಮರು ಅಲ್ಯೂಮಿನಿಯಂ ಹಾಳೆ ಸುತ್ತಿ ಕೂರಿಸಿದ್ದರು. ಅಂದರೆ ಫ್ಯೂಸ್ ಪದೇಪದೇ ಸುಡುತ್ತಿತ್ತು, ಏಕೆ ಸುಡುತ್ತಿದೆ ಎಂದು ಹುಡುಕುವ ಬದಲು ಅದರ ಬಾಯಿ ಮುಚ್ಚಿದ್ದರು. ಅವತ್ತು ಪ್ಲಗ್ ಹಾಕಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತೇನೋ. ಹಾಳೆ ಕಿತ್ತೆಸೆದು, ಒಳಗಿನ ಚೀಟಿಯಲ್ಲಿ ಬರೆದಿದ್ದ ಅಳತೆಯ ಹೊಸ ಫ್ಯೂಸ್‌ಗಳನ್ನೇ ಹಾಕಿದೆ. ಹಳೆಯ ಎರಡು ತಂತಿಯ ವೈರಿಗೆ ಅರ್ಥಿಂಗೇ ಇರಲಿಲ್ಲ, ಅದನ್ನೂ ತೆಗೆದು ಮೂರು ತಂತಿಯದು ಹಾಕಿ ಲೋಹದ ಭಾಗಗಳಿಗೆಲ್ಲ ಅರ್ಥ್ ಕೊಟ್ಟೆ. ಟ್ರಾನ್ಸ್‌ಫಾರ್ಮರ್ ಎಷ್ಟು ವೋಲ್ಟಿಗೆ ಮಾಡಿದ್ದು, ಗೋಡೆಯಲ್ಲಿ ಬರುವುದು ಎಷ್ಟು ಎಂದು ಎರಡೆರಡು ಸಲ ನೋಡಿಕೊಂಡೆ. ಇನ್ನೊಂದು ಮಾತು: ಈ ಯಂತ್ರಗಳಲ್ಲಿ ಸ್ವಿಚ್ ಆಫ್ ಮಾಡಿದರೂ ಒಳಗೆ ಎಲ್ಲೋ ಕರೆಂಟ್ ಉಳಿದಿರಬಹುದು. ಪ್ಲಗ್ ಕೀಳದೆ ನಾನು ಒಂದು ದಿನವೂ ಕೈ ಹಾಕಲಿಲ್ಲ.

ಆಮೇಲೆ ಶುರುವಾಯಿತು ಕೊಳೆಯ ಕೆಲಸ. ಸ್ಟೆಪ್ಪರ್ ಅಂತ ಒಂದು ಭಾಗ ಇರುತ್ತದೆ. ಒಂದು ತಟ್ಟೆಯ ಮೇಲೆ ಸಾಲಾಗಿ ಹಿತ್ತಾಳೆಯ ಗುಬುಟುಗಳು, ಅದರ ಮೇಲೆ ಒಂದು ಕೈ ಒಂದೊಂದೇ ಹೆಜ್ಜೆ ಸರಿಯುತ್ತದೆ. ಎಷ್ಟನೇ ಚೆಂಡು, ಎಷ್ಟು ಬೋನಸ್ ಎಂಬ ನೆನಪೆಲ್ಲ ಆ ಕೈ ಎಲ್ಲಿ ನಿಂತಿದೆ ಎಂಬುದರಲ್ಲೇ. ಹಳೆಯ ಗ್ರೀಸ್ ಒಣಗಿ ಮೇಣದ ಹಾಗೆ ಗಟ್ಟಿಯಾಗಿ ಆ ಕೈಯನ್ನು ಹಿಡಿದುಕೊಂಡಿತ್ತು. ಅದರ ಮೇಲೆ ಹಿಂದಿನ ಯಾರೋ ಸ್ಪ್ರೇ ಎಣ್ಣೆ ಬೇರೆ ಹೊಡೆದಿದ್ದರು. ದಯವಿಟ್ಟು ಹೊಡೆಯಬೇಡಿ. ಎಣ್ಣೆ ಧೂಳು ಹಿಡಿಯುತ್ತದೆ, ಸ್ವಿಚ್‌ಗಳು ಕಿಡಿ ಹಾರಿಸುತ್ತವೆ, ಎರಡೂ ಒಂದೇ ಮರದ ಪೆಟ್ಟಿಗೆಯಲ್ಲಿ ಇರುವುದು ಒಳ್ಳೆಯದಲ್ಲ. ಒಂದನ್ನು ಬಿಟ್ಟು ಉಳಿದ ಪ್ರತಿ ಸ್ಟೆಪ್ಪರನ್ನೂ ಬಿಚ್ಚುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಕೈಯಿಂದ ತಿರುಗಿಸಿ ಬಿಟ್ಟರೆ ಸ್ಪ್ರಿಂಗಿನ ಬಲಕ್ಕೆ ತಾನೇ ಹಿಂದಕ್ಕೆ ಓಡಿ ಬರುವ ತನಕ ಬಿಡಲಿಲ್ಲ.

ಇಲ್ಲಿ ನನ್ನ ದೊಡ್ಡ ತಪ್ಪು. ರಿಲೇಗಳ ಸ್ವಿಚ್ ತುದಿಗಳು ಕಪ್ಪಾಗಿದ್ದವು. ಸಣ್ಣ ಅರ ತೆಗೆದುಕೊಂಡು ಒಂದು ಸಂಜೆಯೆಲ್ಲ ಉಜ್ಜಿದೆ, ಪಳಪಳ ಹೊಳೆದವು, ನನಗೂ ಖುಷಿ. ಮಾರನೇ ದಿನ ಓದಿ ಗೊತ್ತಾಯಿತು: ಜಾಸ್ತಿ ಕರೆಂಟ್ ಹರಿಯುವ ಕಡೆ ತುದಿಗಳು ಟಂಗ್‌ಸ್ಟನ್‌ದು, ಅವಕ್ಕೆ ಅರ ಹಾಕಬಹುದು. ಉಳಿದ ಕಡೆ ಮೆತ್ತನೆಯ ಬೆಳ್ಳಿ. ಅದಕ್ಕೆ ಅರ ಹಾಕಿದರೆ ಬೆಳ್ಳಿಯೇ ಹೋಗುತ್ತದೆ. ನಾನು ಉಜ್ಜಿದ್ದರಲ್ಲಿ ಮುಕ್ಕಾಲು ಪಾಲು ಬೆಳ್ಳಿ! ಐದು ಪಟ್ಟಿಗಳನ್ನು ಹೊಸದಾಗಿ ಹಾಕಬೇಕಾಯಿತು. ಬೆಳ್ಳಿಗೆ ಬೇಕಾದದ್ದು ಆಲ್ಕೋಹಾಲಿನಲ್ಲಿ ಅದ್ದಿದ ಒಂದು ದಪ್ಪ ಕಾಗದದ ಚೂರು. ಎರಡು ತುದಿಗಳ ನಡುವೆ ಇಟ್ಟು ಮೆಲ್ಲಗೆ ಒತ್ತಿ ಎಳೆದರೆ ಕೊಳೆ ಕಾಗದಕ್ಕೆ ಬರುತ್ತದೆ, ಅಷ್ಟೇ ಸಾಕು.

ಎಲ್ಲ ಮುಗಿಸಿ ಕೊನೆಗೂ ಪ್ಲಗ್ ಹಾಕಿ ಸ್ಟಾರ್ಟ್ ಗುಂಡಿ ಒತ್ತಿದೆ. ದೀಪ ಹತ್ತಿದವು, ಅಂಕಗಳ ರೀಲ್‌ಗಳು (0ಯಿಂದ 9ರ ತನಕ ಬರೆದ ಚಕ್ರಗಳು) ಟಕಟಕ ಅಂತ ತಿರುಗಿದವು, ಮೋಟಾರು ಗುರ್ ಅಂತು. ಗುರ್ ಅನ್ನುತ್ತಲೇ ಇತ್ತು. ನಿಲ್ಲಲೇ ಇಲ್ಲ.

ಈ ಮೋಟಾರಿಗೆ ಸ್ಕೋರ್ ಮೋಟಾರ್ ಅನ್ನುತ್ತಾರೆ. ಅದು ತಿರುಗುತ್ತಾ ಸ್ವಿಚ್‌ಗಳ ಗುಂಪನ್ನು ಒಂದು ತಾಳದಲ್ಲಿ ಒತ್ತಿ ಬಿಡುತ್ತದೆ. 50 ಅಂಕ ಬಂದರೆ ಹತ್ತರ ರೀಲಿಗೆ ಐದು ಏಟು ಬೀಳುವುದು ಅದರಿಂದಲೇ. ಹೊಸ ಆಟ ಶುರುವಾದಾಗಲೂ ಇದೇ ಮೋಟಾರು ಏಟು ಕೊಟ್ಟು ಕೊಟ್ಟು ರೀಲ್‌ಗಳನ್ನು ಸೊನ್ನೆಗೆ ತರುತ್ತದೆ. ನನ್ನ ಯಂತ್ರದಲ್ಲಿ ಒಬ್ಬೊಬ್ಬರಿಗೆ ನಾಲ್ಕು, ಒಟ್ಟು ಎಂಟು ರೀಲ್. (ಕೊನೆಯ ಸೊನ್ನೆ ತಿರುಗುವುದೇ ಇಲ್ಲ, ಅಂಕ ದೊಡ್ಡದಾಗಿ ಕಾಣಲಿ ಅಂತ ಸುಮ್ನೆ ಬರೆದದ್ದು!) ಪ್ರತಿ ರೀಲಿನ ಹಿಂದೆ ಒಂದು ಸ್ವಿಚ್, ರೀಲ್ ಸೊನ್ನೆಗೆ ಬಂದಾಗ ಅದು ಬಿಟ್ಟುಕೊಳ್ಳಬೇಕು. ಎಂಟೂ ಬಿಟ್ಟುಕೊಳ್ಳುವ ತನಕ ಮೋಟಾರಿನ ಪಾಲಿಗೆ ಕೆಲಸ ಮುಗಿದಿಲ್ಲ.

ನೋಡಿದರೆ ಏಳು ರೀಲ್ ಸೊನ್ನೆಯಲ್ಲಿವೆ, ಒಂದು 6ರಲ್ಲೇ ನಿಂತಿದೆ. ಸಿಕ್ಕಿತು ಕಳ್ಳ ಅಂದುಕೊಂಡೆ. ಆ ರೀಲಿನ ಕಾಯಿಲ್ ಒಳಗಿನ ಕಬ್ಬಿಣದ ಕಡ್ಡಿ ಅಂಟಿಕೊಂಡಿತ್ತು, ಬಿಚ್ಚಿ ಒರೆಸಿ ಹಾಕಿದೆ. ಈಗ ಎಂಟೂ ಸೊನ್ನೆ. ಮೋಟಾರು? ಗುರ್.

ಮೂರು ವಾರ. ಸರ್ಕ್ಯೂಟ್ ಚಿತ್ರ ಮೇಜಿನ ಮೇಲೆ ಹಾಸಿ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಕೂತೆ. ಆ ಚಿತ್ರದಲ್ಲಿ ಎಲ್ಲ ಸ್ವಿಚ್‌ಗಳೂ ಯಂತ್ರ ವಿಶ್ರಾಂತಿಯಲ್ಲಿದ್ದಾಗ ಹೇಗಿರುತ್ತವೋ ಹಾಗೆ ಬರೆದಿರುತ್ತಾರೆ, ಅದು ತಿಳಿಯಲೇ ನನಗೆ ಒಂದು ವಾರ ಹಿಡಿಯಿತು. ರಿಲೇ ಬದಲಾಯಿಸಿದೆ, ಎರಡು ಕಡೆ ಬೆಸುಗೆ ಹೊಸದಾಗಿ ಹಾಕಿದೆ, ತಲೆಯ ಪೆಟ್ಟಿಗೆಯಿಂದ ಕೆಳಕ್ಕೆ ಬರುವ ದೊಡ್ಡ ಪ್ಲಗ್‌ಗಳ ಒಂದೊಂದು ಕಾಲನ್ನೂ ಉಜ್ಜಿದೆ. ಮನೆಯವರು ಆ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುವ ಮಟ್ಟಕ್ಕೆ ಬಂತು.

ಕೊನೆಗೆ ಕೆಲಸಕ್ಕೆ ಬಂದದ್ದು ಕಾಗದದ ಚೂರೇ. ಯೋಚನೆ ಇಷ್ಟು: ಎಂಟು ಸ್ವಿಚ್‌ಗಳಲ್ಲಿ ಯಾವುದೋ ಒಂದು ಬಿಟ್ಟುಕೊಳ್ಳುತ್ತಿಲ್ಲ ಅಂದರೆ, ನಾನೇ ಅದರ ನಡುವೆ ಕಾಗದ ಇಟ್ಟು ಬಿಡಿಸಿದರೆ ಮೋಟಾರು ನಿಲ್ಲಬೇಕು ಅಲ್ವಾ? ಪ್ಲಗ್ ಕೀಳುವುದು, ಒಂದು ಸ್ವಿಚ್ಚಿಗೆ ಕಾಗದ ಇಡುವುದು, ಪ್ಲಗ್ ಹಾಕಿ ನೋಡುವುದು. ಒಂದು, ಎರಡು, ಮೂರು, ಗುರ್. ಐದನೆಯದಕ್ಕೆ ಕಾಗದ ಇಟ್ಟಾಗ ಮೋಟಾರು ಅರ್ಧ ಸುತ್ತು ತಿರುಗಿ ನಿಂತಿತು. ಆ ನಿಶ್ಶಬ್ದ ಕೇಳಿ ಪಕ್ಕದ ಕೋಣೆಯಿಂದ ಒಬ್ಬರು "ಏನಾಯ್ತು, ಸುಟ್ಟು ಹೋಯ್ತಾ?" ಎಂದು ಓಡಿ ಬಂದರು.

ಆ ಸ್ವಿಚ್ಚಿನ ಪಟ್ಟಿ ಕೂದಲೆಳೆಯಷ್ಟು ಬಾಗಿತ್ತು. ಬಾಗಿಸಿದ್ದು ಬೇರೆ ಯಾರೂ ಅಲ್ಲ, ಕ್ಲೀನ್ ಮಾಡುವಾಗ ನಾನೇ. ಬೇರೆ ಏಳೂ ಸರಿಯಾಗೇ ಇದ್ದವು, ಕ್ಲೀನ್ ಮಾಡುವ ಮೊದಲು ತೆಗೆದಿದ್ದ ಫೋಟೋದಲ್ಲಿ ಇದರ ಅಂತರವೂ ಸರಿಯಾಗೇ ಇತ್ತು. ಇಕ್ಕಳದಲ್ಲಿ ಒಂದು ಚೂರು ಬಗ್ಗಿಸಿದೆ, ಹತ್ತು ಸೆಕೆಂಡಿನ ಕೆಲಸ.

ಫ್ಲಿಪ್ಪರ್‌ಗಳು, ಅಂದರೆ ಗುಂಡಿ ಒತ್ತಿದರೆ ಎದ್ದು ಚೆಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ಕೈಗಳು, ಇದರ ಮುಂದೆ ಸುಲಭ. ಪಿನ್‌ಬಾಲಿಗೆ ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್‌ನವರ ಹಂಪ್ಟಿ ಡಂಪ್ಟಿ ಯಂತ್ರದಲ್ಲಿ. ಅದಕ್ಕೆ ಮೊದಲು ಚೆಂಡು ಬಿಟ್ಟಮೇಲೆ ಯಂತ್ರ ಅಲ್ಲಾಡಿಸುವುದು ಬಿಟ್ಟು ಮಾಡಲು ಹೆಚ್ಚೇನೂ ಇರಲಿಲ್ಲ. ಫ್ಲಿಪ್ಪರ್ ಕಾಯಿಲಿನಲ್ಲಿ ಎರಡು ಬೇರೆ ಬೇರೆ ಸುರುಳಿ ಇರುತ್ತವೆ. ಒಂದು ದಪ್ಪ ತಂತಿ, ಜೋರಾಗಿ ಹೊಡೆಯುವುದಕ್ಕೆ. ಇನ್ನೊಂದು ಸಣ್ಣ ತಂತಿ, ಮೇಲೆತ್ತಿ ಹಿಡಿದುಕೊಳ್ಳುವುದಕ್ಕೆ. ಫ್ಲಿಪ್ಪರ್ ಪೂರ್ತಿ ಎದ್ದ ಕೂಡಲೇ ಒಂದು ಸ್ವಿಚ್ ಬಿಟ್ಟುಕೊಂಡು ಸಣ್ಣ ತಂತಿಯನ್ನೂ ದಾರಿಯಲ್ಲಿ ಸೇರಿಸುತ್ತದೆ, ಕರೆಂಟ್ ಇಳಿಯುತ್ತದೆ. ಆ ಸ್ವಿಚ್ ಬಿಡದಿದ್ದರೆ ಕಾಯಿಲ್ ಸುಡುತ್ತದೆ, ಸರಿಯಾಗಿ ತಾಗದಿದ್ದರೆ ಫ್ಲಿಪ್ಪರ್ ಸೋಮಾರಿಯಾಗುತ್ತದೆ. ನನ್ನಲ್ಲಿ ಬಲಗಡೆಗೆ ಮೊದಲನೆಯ ಕಾಯಿಲೆ, ಎಡಗಡೆಗೆ ಎರಡನೆಯದು. ಫ್ಯೂಸ್ ಏಕೆ ಸುಡುತ್ತಿತ್ತು ಎಂಬುದಕ್ಕೂ ಉತ್ತರ ಅಲ್ಲೇ ಸಿಕ್ಕಿತು, ಬಲಗಡೆಯ ಕಾಯಿಲಿನ ಕಾಗದ ಕಂದಾಗಿ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ಕೂತಿತ್ತು. ಹೊಸ ಕಾಯಿಲ್, ಹೊಸ ಕೊಳವೆ. ಎಡಗಡೆಯ ತುದಿಗಳು ಟಂಗ್‌ಸ್ಟನ್, ಅಲ್ಲಿ ಅರ ಹಾಕಿದೆ, ಈ ಸಲ ಧೈರ್ಯವಾಗಿ.

ಬ್ಯಾಕ್‌ಗ್ಲಾಸ್ (ತಲೆಯ ಪೆಟ್ಟಿಗೆಯ ಮುಂದಿನ ಚಿತ್ರದ ಗಾಜು) ವಿಷಯದಲ್ಲಿ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಚಿತ್ರ ಇರುವುದು ಗಾಜಿನ ಒಳಮೈಯಲ್ಲಿ. ಒದ್ದೆ ಬಟ್ಟೆಯಲ್ಲಿ ಒಳಗಿನ ಧೂಳು ಒರೆಸಲು ಹೋದೆ, ಹೆಬ್ಬೆರಳಿನಷ್ಟು ಆಕಾಶ ಬಟ್ಟೆಗೆ ಅಂಟಿಕೊಂಡು ಬಂತು. ಆ ಕಡೆಯನ್ನು ಒರೆಸಲೇಬಾರದು. ಉಳಿದದ್ದು ಉದುರದಿರಲಿ ಎಂದು ಹಿಂದಿನಿಂದ ಪಾರದರ್ಶಕ ಸ್ಪ್ರೇ ಹೊಡೆದೆ, ಹೋದ ಜಾಗಕ್ಕೆ ತೆಳು ನೀಲಿ ಹಾಳೆ ಅಂಟಿಸಿದೆ. ದೂರದಿಂದ ಕಾಣುವುದಿಲ್ಲ, ನನಗೆ ಕಾಣುತ್ತದೆ. ಹಿಂದಿನ 44 ನಂಬರಿನ ಬಲ್ಬುಗಳನ್ನು ತೆಗೆದು 47 ಹಾಕಿದೆ. 44 ಎಳೆಯುವುದು 0.25 ಆಂಪಿಯರ್, 47 ಎಳೆಯುವುದು 0.15. ಬಿಸಿ ಕಡಿಮೆ, ಬಣ್ಣಕ್ಕೂ ಒಳ್ಳೆಯದು.

ಪ್ಲೇಫೀಲ್ಡ್ ಮರದ್ದು, ನೀರು ತಾಗಿಸಲಿಲ್ಲ. ನ್ಯಾಫ್ತಾ ಎಂಬ ಪೆಟ್ರೋಲಿಯಂ ದ್ರಾವಕದಲ್ಲಿ ಒರೆಸಿ, ಗಟ್ಟಿ ಕೊಳೆಗೆ ಮೆಲಮೈನ್ ಸ್ಪಂಜು ಹಗುರವಾಗಿ ಆಡಿಸಿ, ಕಾರ್ನೌಬಾ ವ್ಯಾಕ್ಸ್ ಹಚ್ಚಿದೆ. ಗಟ್ಟಿಯಾಗಿದ್ದ ರಬ್ಬರ್ ಬಳೆಗಳೆಲ್ಲ ಹೊಸವು. ಚೆಂಡೂ ಹೊಸದು, ಸುಮಾರು 27 ಮಿಲಿಮೀಟರ್, 80 ಗ್ರಾಂ. ಹಳೆಯ ಚೆಂಡು ತುಕ್ಕು ಹಿಡಿದು ಸ್ಯಾಂಡ್‌ಪೇಪರ್ ತರಹ ಆಗಿತ್ತು, ಅದನ್ನೇ ಬಿಟ್ಟಿದ್ದರೆ ಒಂದು ತಿಂಗಳಲ್ಲಿ ಮಾಡಿದ್ದೆಲ್ಲ ಹಾಳು.

ಕಾಲುಗಳನ್ನು ಹೊಂದಿಸುವಾಗ ಇನ್ನೊಂದು ಎಡವಟ್ಟು. ಇಳಿಜಾರು 6.5 ಡಿಗ್ರಿ ಇರಬೇಕು ಎಂದು ಎಲ್ಲೋ ಓದಿ ಹಾಗೇ ಇಟ್ಟೆ. ಚೆಂಡು ಮೇಲಿನ ತನಕ ಹತ್ತುತ್ತಲೇ ಇಲ್ಲ, ಕಾಯಿಲ್‌ಗಳು ಮತ್ತೆ ಕೈಕೊಟ್ಟವು ಎಂದು ಎರಡು ದಿನ ಹುಡುಕಿದೆ. ಅದು ಈಚಿನ ಯಂತ್ರಗಳ ಲೆಕ್ಕ. ಈ ಹಳೆಯವಕ್ಕೆ 3.5 ಡಿಗ್ರಿ ಹತ್ತಿರ ಸಾಕು.

ಈಗ ಯಂತ್ರ ಆಡುತ್ತದೆ. ಒಂದು ಸ್ಟೆಪ್ಪರ್ ಮಾತ್ರ ಬಾಕಿ ಇದೆ, ಮ್ಯಾಚ್ ಯೂನಿಟ್. ಆಟ ಮುಗಿದಾಗ 00ರಿಂದ 90ರ ತನಕ ಯಾವುದಾದರೂ ಒಂದು ಸಂಖ್ಯೆ ಬೆಳಗಬೇಕು, ನಮ್ಮ ಅಂಕದ ಕೊನೆ ಅದಕ್ಕೆ ಹೊಂದಿದರೆ ಟಕ್ ಎಂದು ಮರಕ್ಕೆ ಬಡಿದು ಒಂದು ಆಟ ಪುಕ್ಕಟೆ ಕೊಡಬೇಕು. ನನ್ನದು ಯಾವಾಗಲೂ 30ರಲ್ಲೇ ನಿಲ್ಲುತ್ತದೆ. ಬಿಚ್ಚಬೇಕು ಎಂದು ಎರಡು ಸಲ ಸ್ಕ್ರೂಡ್ರೈವರ್ ತಂದೆ. ಆದರೆ ಮನೆಯವರಿಗೆಲ್ಲ ಈ ಗುಟ್ಟು ಗೊತ್ತಾಗಿ ಕೊನೆಯ ಚೆಂಡಿನಲ್ಲಿ 30ಕ್ಕೆ ಗುರಿಯಿಟ್ಟೇ ಆಡುತ್ತಾರೆ, ರಿಪೇರಿ ಮಾಡಲು ಯಾರೂ ಬಿಡುತ್ತಿಲ್ಲ.