ಜೀನಿಯಲ್ಲಿ ಪೈಥಾನ್ ಬರೆಯುವ ಮೊದಲು ಟ್ಯಾಬ್ ಸರಿ ಮಾಡಿಕೊಳ್ಳಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಪೈಥಾನ್ ಕಲಿಯುತ್ತಿರುವ ಮಕ್ಕಳಿಗೆ ಇದು ಉಪಯೋಗ ಆದೀತು. ಲ್ಯಾಬಿನಲ್ಲಿ ಬರೆದ ಫೈಲನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆದು ಎರಡು ಸಾಲು ಸೇರಿಸಿದರೆ ಕೆಲವೊಮ್ಮೆ 'ಟ್ಯಾಬ್ ಎರರ್' ಬರುತ್ತದೆ, ಅಲ್ವಾ? ಕಣ್ಣಿಗೆ ಸಾಲುಗಳೆಲ್ಲ ನೇರವಾಗಿಯೇ ಕಾಣುತ್ತವೆ. ಆದರೆ ಸಾಲಿನ ಮೊದಲಿಗೆ ಬಿಡುವ ಜಾಗಕ್ಕೆ (ಇಂಡೆಂಟೇಶನ್) ಒಂದರಲ್ಲಿ ಟ್ಯಾಬ್, ಇನ್ನೊಂದರಲ್ಲಿ ಸ್ಪೇಸ್. ಪೈಥಾನ್ 3 ಈ ಬೆರಕೆಯನ್ನು ಒಪ್ಪುವುದಿಲ್ಲ.

ಕೋಡ್ ಬರೆಯುವ ಜೀನಿ (Geany) ಎಡಿಟರ್ ಆದರೆ ಎಡಿಟ್ ಮೆನುವಿನಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಎಡಿಟರ್, ಮತ್ತೆ ಇಂಡೆಂಟೇಶನ್. ವಿಡ್ತ್ 4 ಇಡಿ, ಟೈಪ್ ಸ್ಪೇಸಸ್ ಮಾಡಿ. ಪೈಥಾನ್ ಕೋಡ್ ಬರೆಯುವ ಶೈಲಿಯ ಕೈಪಿಡಿ ಪೆಪ್ 8 ಹೇಳುವುದೂ ಇದನ್ನೇ. ಆಟೋ ಇಂಡೆಂಟ್ ಮೋಡ್ 'ಕರೆಂಟ್ ಕ್ಯಾರ್ಸ್' ಇರಲಿ. ಆಗ ಕೋಲನ್ ಹಾಕಿ ಎಂಟರ್ ಒತ್ತಿದರೆ ಮುಂದಿನ ಸಾಲು ತಾನಾಗಿ ಒಳಗೆ ಸರಿಯುತ್ತದೆ.

ಹಳೆಯ ಫೈಲಿಗೆ ಡಾಕ್ಯುಮೆಂಟ್ ಮೆನುವಿನಲ್ಲಿ 'ರಿಪ್ಲೇಸ್ ಟ್ಯಾಬ್ಸ್ ವಿತ್ ಸ್ಪೇಸಸ್' ಇದೆ. ಸುಮ್ನೆ ಒತ್ತಬೇಡಿ. ಮೊದಲು ವ್ಯೂ ಮೆನುವಿನಲ್ಲಿ 'ಶೋ ವೈಟ್ ಸ್ಪೇಸ್' ಹಾಕಿ ನೋಡಿ: ಬಾಣ ಕಂಡರೆ ಟ್ಯಾಬ್, ಚುಕ್ಕಿ ಕಂಡರೆ ಸ್ಪೇಸ್. ನನಗಂತೂ ಇದು ಯಾವಾಗಲೂ ಆನ್ ಇದ್ದರೇ ಸಮಾಧಾನ.

ಇನ್ನೊಂದು ಎಡಿಟರ್ ಆದ ವಿಎಸ್ ಕೋಡ್‌ನವರು ಕೆಳಗಿನ ಪಟ್ಟಿಯಲ್ಲಿ 'ಸ್ಪೇಸಸ್: 4' ಒತ್ತಿದರೆ ಸಾಕು, ಬದಲಾಯಿಸುವ ಆಯ್ಕೆಗಳು ಅಲ್ಲೇ ಸಿಗುತ್ತವೆ. ಮೇಕ್‌ಫೈಲ್ (ಪ್ರೋಗ್ರಾಂ ಕಟ್ಟುವ ಆದೇಶಗಳಿರುವ ಫೈಲ್) ಇದ್ದರೆ ಮಾತ್ರ ಮುಟ್ಟಬೇಡಿ, ಅದಕ್ಕೆ ಟ್ಯಾಬೇ ಬೇಕು.