ಲಕ್ಸರ್‌ನ ಪಶ್ಚಿಮ ದಂಡೆಗೆ ಒಂದೇ ದಿನ ಇದ್ದರೆ

ಈಜಿಪ್ಟಿನ ಲಕ್ಸರ್‌ನಲ್ಲಿ ನೈಲ್ ನದಿಯ ಪೂರ್ವಕ್ಕೆ ಊರು ಮತ್ತು ದೊಡ್ಡ ದೇವಸ್ಥಾನಗಳು, ಪಶ್ಚಿಮಕ್ಕೆ ಗೋರಿಗಳು. ಬಹಳ ಜನ ಪಶ್ಚಿಮ ದಂಡೆಗೆ ಒಂದು ದಿನ ಇಟ್ಟುಕೊಂಡು, ಆ ದಿನವನ್ನೆಲ್ಲ ಹಳೆಯ ರಾಜರ ಗೋರಿಗಳಿರುವ ರಾಜರ ಕಣಿವೆಯಲ್ಲೇ ಕಳೆಯುತ್ತಾರೆ. ನಾನೂ ಅಪ್ಪನೂ ಮೊದಲ ದಿನ ಹಾಗೇ ಮಾಡಿದೆವು. ಕಣಿವೆಯಿಂದ ಹೊರಗೆ ಬಂದಾಗ ಹನ್ನೆರಡು ಗಂಟೆ. ಗೋರಿ ಕಟ್ಟಿದ ಕೆಲಸಗಾರರ ಊರಿಗೆ ಹೋದರೆ ಒಂದು ತುಂಡು ನೆರಳಿಲ್ಲ. ಅಪ್ಪನಿಗೆ ತಲೆ ಸುತ್ತಿ ಬಂತು, ಅರ್ಧಕ್ಕೇ ವಾಪಸ್ ಬಂದೆವು. ಮರುದಿನ ಬೇರೆ ಕ್ರಮದಲ್ಲಿ ಮತ್ತೆ ಹೋದೆವು. ಆ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಹಿಂದಿನ ರಾತ್ರಿಯೇ ಒಂದು ಟ್ಯಾಕ್ಸಿಗೆ ಇಡೀ ದಿನದ ಬಾಡಿಗೆ ಮಾತಾಡಿಕೊಳ್ಳಿ. ಎಲ್ಲೆಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಆಗಲೇ ಹೇಳಿಬಿಡಿ. ಟಿಕೆಟ್‌ಗೆ ಕಾರ್ಡ್ ಇರಲಿ, ಕಾವಲುಗಾರರಿಗೆ ಕೊಡಲು ಚಿಲ್ಲರೆ ನೋಟು ಇರಲಿ. ತಲೆಗೆ ಬಟ್ಟೆ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಒಂದೆರಡು ಓಆರ್‌ಎಸ್ ಪೊಟ್ಟಣ. ನಾವು ಚಟ್ನಿಪುಡಿಯನ್ನೂ ಒಯ್ದಿದ್ದೆವು. ಅಲ್ಲಿಯ ಬಿಸಿ ರೊಟ್ಟಿಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಬೆಳಿಗ್ಗೆ ಆರಕ್ಕೆ ರಾಜರ ಕಣಿವೆಯ ಬಾಗಿಲಲ್ಲಿರಿ. ಬಸ್ಸಿನಲ್ಲಿ ಬರುವ ಗುಂಪುಗಳು ಆಮೇಲೆ ಬರುತ್ತವೆ. ಸಾಮಾನ್ಯ ಟಿಕೆಟ್‌ನಲ್ಲಿ ಮೂರು ಗೋರಿ ನೋಡಬಹುದು. ತೆರೆದಿದ್ದರೆ ಮೂರನೇ ರಾಮ್ಸೆಸ್ ರಾಜನ ಗೋರಿಯನ್ನು ಬಿಡಬೇಡಿ. ಒಳಗೆ ಹೋಗುವಾಗ ಓಣಿಯಂಥ ದಾರಿ ಒಂದು ಕಡೆ ಪಕ್ಕಕ್ಕೆ ಸರಿದು ಮುಂದುವರಿಯುತ್ತದೆ, ಗಮನಿಸಿ. ಅವನ ಅಪ್ಪನ ಕಾಲದಲ್ಲಿ ಬಂಡೆ ಕಡಿಯುತ್ತಾ ಹೋದವರು ಪಕ್ಕದ ಹಳೆಯ ಗೋರಿಗೇ ತೂತು ಹೊಡೆದುಬಿಟ್ಟಿದ್ದರು. ಕೆಲಸ ಅಲ್ಲಿಗೇ ನಿಂತಿತು. ಆಮೇಲೆ ದಾರಿ ಸರಿಸಿ ಮುಂದೆ ಕಡಿದರು. ಮೂರು ಸಾವಿರ ವರ್ಷದ ಹಿಂದಿನ ಆ ತಿದ್ದುಪಡಿಯನ್ನು ಕೈಯಳತೆಯಲ್ಲಿ ನೋಡಬಹುದು. ಆರನೇ ರಾಮ್ಸೆಸ್‌ನ ಗೋರಿಗೆ ಬೇರೆ ಟಿಕೆಟ್ ಬೇಕು, ಆದರೂ ತಗೊಳ್ಳಿ. ಛಾವಣಿ ತುಂಬಾ ಆಕಾಶದೇವತೆ ನೂತ್ ಮೈಚಾಚಿದ್ದಾಳೆ. ಸಂಜೆ ಸೂರ್ಯನನ್ನು ನುಂಗಿ, ಬೆಳಿಗ್ಗೆ ಮತ್ತೆ ಹಡೆಯುತ್ತಾಳೆ. ಟುಟಂಖಾಮುನ್ ಗೋರಿ ಚಿಕ್ಕದು. 1922ರಲ್ಲಿ ಸಿಕ್ಕ ಸಂಪತ್ತಿನ ಬಹುಪಾಲು ಈಗ ಕೈರೋ ಪಕ್ಕದ ಗಿಜಾದ ಮ್ಯೂಸಿಯಂನಲ್ಲಿದೆ. ಎಂಟೂವರೆಗೆ ಕಣಿವೆಯಿಂದ ಹೊರಡಲೇಬೇಕು. ಇನ್ನೊಂದು ಗೋರಿ ನೋಡೋಣ ಅನ್ನಿಸುತ್ತದೆ. ಬೇಡ.

ನೇರ ದೇರ್ ಎಲ್ ಮದೀನಾಕ್ಕೆ ಹೋಗಿ. ಹಟ್ಶೆಪ್ಸುತ್ ರಾಣಿಯ ದೇವಸ್ಥಾನವನ್ನು ದಾರಿಯಿಂದಲೇ ನೋಡಿದರೂ ಅದರ ಗಾತ್ರ ಗೊತ್ತಾಗುತ್ತದೆ. ರಾಜರ ಗೋರಿಗಳನ್ನು ಕಡಿದು, ಬಣ್ಣ ಬಳಿದವರ ಊರು ದೇರ್ ಎಲ್ ಮದೀನಾ. ಸೊಂಟದೆತ್ತರದ ಗೋಡೆಗಳು, ಕಿರಿದಾದ ಓಣಿ, ಒಂದಕ್ಕೊಂದು ಅಂಟಿಕೊಂಡ ಮನೆಗಳು. ಊರಿನ ಪಕ್ಕದ ಗುಡ್ಡದಲ್ಲಿ ಅವರು ತಮಗೂ ಗೋರಿ ಮಾಡಿಕೊಂಡರು. ಅದರಲ್ಲಿ ಸೆನ್ನೆಜೆಮ್ ಎಂಬುವನದು 1886ರಲ್ಲಿ ಸಿಕ್ಕಿತು. ಕಡಿದಾದ ಮೆಟ್ಟಿಲು ಇಳಿದು, ಬಗ್ಗಿ ನುಸುಳಬೇಕು. ಮಂಡಿನೋವು ಇದ್ದವರು ನಿಧಾನವಾಗಿ ಇಳಿಯಿರಿ.

ಒಳಗೆ ಇರುವುದು ಒಂದೇ ಸಣ್ಣ ಕೋಣೆ. ನೆಲ ಬಿಟ್ಟು ಎಲ್ಲ ಕಡೆ ಬಣ್ಣ, ಅದೂ ನಿನ್ನೆ ಬಳಿದ ಹಾಗೆ. ತುದಿಯ ಗೋಡೆಯ ಮುಂದೆ ಹತ್ತು ನಿಮಿಷ ಸುಮ್ನೆ ನಿಲ್ಲಿ. ಸತ್ತ ಮೇಲೆ ಸಿಗುವ ಒಳ್ಳೆಯ ಲೋಕ ಅಂತ ಅವನು ಬರೆಸಿಕೊಂಡಿದ್ದು ಹೊಲ. ಮಚ್ಚೆಯ ಎತ್ತುಗಳ ಹಿಂದೆ ಅವನು, ಅವನ ಹಿಂದೆ ಬೀಜ ಚೆಲ್ಲುತ್ತಾ ಹೆಂಡತಿ ಇಯ್ನೆಫರ್ತಿ. ಮೇಲಿನ ಸಾಲಿನಲ್ಲಿ ಗೋಧಿಯ ತೆನೆ ಕೊಯ್ಯುತ್ತಾರೆ, ಇನ್ನೊಂದೆಡೆ ಅಗಸೆ ಗಿಡ ಬೇರುಸಮೇತ ಕೀಳುತ್ತಾರೆ. ಇಬ್ಬರೂ ಉಟ್ಟಿರುವುದು ಹಬ್ಬದ ಬಿಳಿ ಬಟ್ಟೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಅಂದರು: "ಗಳೆ ಹೊಡಿಯಾಕತ್ತಾನ, ಹಿಂದ ಹೇಂತಿ ಬಿತ್ತಾಕತ್ತಾಳ ನೋಡವ್ವಾ. ಇವ ನಮ್ಮಾಂವನ." ನನಗೆ ಕಣ್ಣು ತುಂಬಿ ಬಂತು. ಫೋಟೊ ತೆಗೆಯುವಾಗ ಫ್ಲಾಶ್ ಆರಿಸಿ, ಗೋಡೆ ಮುಟ್ಟಬೇಡಿ. ನಮ್ಮ ಉಸಿರಿನ ತೇವವೇ ಆ ಬಣ್ಣಕ್ಕೆ ಭಾರ.

ಅದೇ ಟಿಕೆಟ್‌ನಲ್ಲಿ ಅದೇ ಊರಿನ ಇನ್ಹೆರ್ಖಾವು ಎಂಬುವನ ಗೋರಿಯನ್ನೂ ನೋಡಬಹುದು. ನೋಡಿ, ಹತ್ತೂವರೆಗೆ ಹೊರಡಿ. ಮುಂದಿನದು ರಾಮೆಸಿಯಂ, ಎರಡನೇ ರಾಮ್ಸೆಸ್ ಕಟ್ಟಿಸಿದ ಗುಡಿ. ಎಲ್ಲರೂ ಮುರಿದು ಬಿದ್ದ ದೊಡ್ಡ ಮೂರ್ತಿಯ ಹತ್ತಿರ ನಿಲ್ಲುತ್ತಾರೆ. ನೀವು ಗುಡಿಯ ಹಿಂದೆ ನಡೆಯಿರಿ. ಅಲ್ಲಿ ಮಣ್ಣಿನ ಇಟ್ಟಿಗೆಯ ಕಮಾನಿನ ಉಗ್ರಾಣಗಳು ಸಾಲಾಗಿವೆ. ಸುಮಾರು 3,200 ವರ್ಷ ಆದರೂ ಕೆಲವು ಕಮಾನು ಬಿದ್ದಿಲ್ಲ.

ಇಲ್ಲಿ ನಿಂತಾಗ ಒಂದು ಸಂಗತಿ ನೆನಪಿರಲಿ. ದೇರ್ ಎಲ್ ಮದೀನಾದವರಿಗೆ ಸಂಬಳ ಅಂದರೆ ಕಾಳು. ರೊಟ್ಟಿಗೆ ಗೋಧಿ, ಬಿಯರ್‌ಗೆ ಬಾರ್ಲಿ. ಆ ಗೋಧಿ ನಾವು ಹುಗ್ಗಿ ಮಾಡುವ ಜವೆಗೋಧಿಯ ಜಾತಿಯದೇ. ಮೂರನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷ, ಅಂದರೆ ಕ್ರಿ.ಪೂ. 1157ರ ಸುಮಾರಿಗೆ, ಕಾಳು ಬರಲೇ ಇಲ್ಲ. ತಿಂಗಳಲ್ಲಿ ಹದಿನೆಂಟು ದಿನ ಕಳೆಯಿತು, ಹಸಿವಾಗಿದೆ ಅಂತ ಅವರು ಕೆಲಸ ಬಿಟ್ಟು, ಹತ್ತಿರದ ಇನ್ನೊಂದು ಗುಡಿಯ ಹಿಂದೆ ಹೋಗಿ ಕೂತರು. ರಾಮೆಸಿಯಂಗೂ ಬಂದರು. ಕೊನೆಗೆ ಬಾಕಿ ಕಾಳು ಸಿಕ್ಕಿತು. ಇದನ್ನೆಲ್ಲ ಬರೆದಿಟ್ಟ ಪಪೈರಸ್ (ಜೊಂಡಿನ ಹಾಳೆ) ಇಟಲಿಯ ಟ್ಯೂರಿನ್ ಮ್ಯೂಸಿಯಂನಲ್ಲಿದೆ. ಬೆಳಿಗ್ಗೆ ನೋಡಿದ ಮೂರನೇ ರಾಮ್ಸೆಸ್‌ನ ಗೋರಿ ಈ ಊರಿನವರದೇ ಕೆಲಸ, ಅಲ್ವಾ? ಅದಕ್ಕೇ ಆ ಗೋರಿ, ಈ ಊರು, ಈ ಉಗ್ರಾಣ, ಮೂರನ್ನೂ ಒಂದೇ ದಿನ ನೋಡಬೇಕು ಅನ್ನುವುದು ನನ್ನ ಹಟ.

ಹನ್ನೊಂದೂವರೆಯಿಂದ ಎರಡೂವರೆವರೆಗೆ ಬಿಸಿಲಿಗೆ ಹೋಗಬೇಡಿ. ಊಟ ಮಾಡಿ, ಮಲಗಿ. ಮಾಂಸ ತಿನ್ನದವರು ಫುಲ್ ಮತ್ತು ತಾಮೀಯ ಕೇಳಿ. ಫುಲ್ ಅಂದರೆ ಬೇಯಿಸಿದ ಒಂದು ಬಗೆಯ ಅವರೆ, ತಾಮೀಯ ಅದೇ ಕಾಳನ್ನು ನೆನೆಸಿ ರುಬ್ಬಿ ಕರಿದ ವಡೆ. ಹೊಟ್ಟೆ ತುಂಬುತ್ತದೆ, ದುಡ್ಡೂ ಜಾಸ್ತಿ ಆಗಲ್ಲ.

ಮಧ್ಯಾಹ್ನದ ಮೇಲೆ ಮದೀನತ್ ಹಾಬು. ಮುಷ್ಕರ ಎದುರಿಸಿದ ಅದೇ ಮೂರನೇ ರಾಮ್ಸೆಸ್ ಕಟ್ಟಿಸಿದ ಗುಡಿ ಇದು. ಅಕ್ಷರಗಳನ್ನು ಎಷ್ಟು ಆಳಕ್ಕೆ ಕೊರೆದಿದ್ದಾರೆ ಅಂದರೆ ಕೈಯೇ ಒಳಗೆ ಹೋಗುವಂತಿದೆ. ಓರೆ ಬಿಸಿಲಿನಲ್ಲಿ ಆ ಗುಂಡಿಗಳಲ್ಲಿ ನೆರಳು ತುಂಬಿಕೊಂಡು ಓದುವ ಹಾಗೆ ಕಾಣುತ್ತವೆ. ಎರಡನೇ ಅಂಗಳದಲ್ಲಿ ಕತ್ತು ಎತ್ತಿ ಛಾವಣಿಯ ಕೆಳಭಾಗ ನೋಡಿ, ನೀಲಿ ಇನ್ನೂ ಉಳಿದಿದೆ. ಗುಡಿ ಸಂಜೆ ಬೇಗ ಮುಚ್ಚುತ್ತದೆ, ಮೂರಕ್ಕೆ ಒಳಗಿರಿ. ವಾಪಸ್ ಬರುವಾಗ ಟ್ಯಾಕ್ಸಿಯನ್ನು ದಂಡೆಯಲ್ಲೇ ಬಿಟ್ಟು, ಊರಿನವರು ಹೋಗುವ ದೋಣಿಯಲ್ಲಿ ನದಿ ದಾಟಿ. ಪಶ್ಚಿಮದ ಗುಡ್ಡದ ಹಿಂದೆ ಸೂರ್ಯ ಇಳಿಯುವುದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.